ದೊಡ್ಡವ್ವನ ಲೆಕ್ಕದೊಳಗೆ ಎಲ್ಲರೂ

ಹೊತ್ತಿಗೆ ಎಷ್ಟು ರೊಟ್ಟಿ ಬಡಿಯಬೇಕು ಎಂದು ದೊಡ್ಡವ್ವ ಯಾರನ್ನೂ ಕೇಳಿದ್ದು ನನಗೆ ನೆನಪಿಲ್ಲ. ಮನೆಯಲ್ಲಿದ್ದವರು ಅಜ್ಜ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದ ಅಜ್ಜನ ತಂಗಿ, ಅಜ್ಜನ ನಾಲ್ವರು ಗಂಡುಮಕ್ಕಳು, ನಾಲ್ವರು ಸೊಸೆಯಂದಿರು, ಮೊಮ್ಮಕ್ಕಳಾದ ನಾವು, ಸಾಲಿ ಕಲಿಯಲೆಂದು ಬಂದು ನಮ್ಮಲ್ಲೇ ಉಳಿದ ಸೋದರತ್ತೆಯ ಮಕ್ಕಳು, ಇಬ್ಬರು ಸಂಬಳದಾಳುಗಳು. ಇವರ ಮೇಲೆ ದಿನಕ್ಕೊಬ್ಬರಾದರೂ ಬೀಗರು ಬಿಜ್ಜರು. ನಸುಕಿನಲ್ಲಿ ಎಸರು ಕುದಿಯಲು ಹತ್ತಿದಾಗ ಅವಳು ಒಲೆಯ ಮುಂದೆ ಕೂತು, ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಆಡಿಸುತ್ತ, ತುಟಿಯಲ್ಲೇ ಹೆಸರು ಹಿಡಿದು ಎಣಿಸುವಳು. ಹೊಲಕ್ಕೆ ಬುತ್ತಿ ಯಾರಿಗೆ, ಸಂತೆಗೆ ಹೋಗುವವರು ಯಾರು, ಜ್ವರ ಬಂದು ಗಂಜಿ ಕುಡಿಯುವವರು ಯಾರು. ಎಣಿಕೆ ಮುಗಿದ ಮೇಲೆಯೇ ಹಿಟ್ಟಿಗೆ ಕೈ.

ಊರು ನರಗುಂದದ ಸೀಮೆಯದು. ಈಗ ಗದಗ ಜಿಲ್ಲೆ, ಆಗ ಧಾರವಾಡ ಜಿಲ್ಲೆ. ಕಣ್ಣು ಹಾಯಿಸಿದಷ್ಟು ದೂರ ಎರಿಭೂಮಿ. ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿ ಕಿತ್ತುಕೊಳ್ಳುವ ಮಣ್ಣು, ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು. ಮನೆ ಮಣ್ಣಿನ ಮಾಳಿಗೆಯದು. ತಲೆಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಅದಕ್ಕಿಂತ ಎತ್ತರಕ್ಕೆ ಪಡಸಾಲೆ, ಅದರಾಚೆ ನಡುಮನೆ, ಅಡುಗೆಮನೆ, ದೇವರಮನೆ, ಬಚ್ಚಲು. ಎತ್ತಿನ ಕೊರಳಗಂಟೆಯ ಸದ್ದಿಲ್ಲದೆ ನಮಗೆ ನಿದ್ದೆ ಬರುತ್ತಿರಲಿಲ್ಲ.

ಉಣ್ಣುವ ಪಾಳಿ ಊರಿನ ಎಲ್ಲ ಮನೆಗಳಲ್ಲಿದ್ದಂತೆಯೇ ಇತ್ತು. ಮೊದಲು ಗಂಡಸರು ಮತ್ತು ಹುಡುಗರು, ಆಮೇಲೆ ಹೆಂಗಸರು. ಇಂಥ ಮನೆಗಳಲ್ಲಿ ದಿನವೂ ನಡೆಯುವ, ಯಾರೂ ಅವಘಡವೆಂದು ಕರೆಯದ ಒಂದು ಅವಘಡವಿದೆ. ಕೊನೆಯ ಪಂಕ್ತಿಗೆ ಪಲ್ಯ ಉಳಿಯುವುದಿಲ್ಲ. ಸೊಸೆಯಂದಿರು ರೊಟ್ಟಿಗೆ ಗುರೆಳ್ಳ ಹಿಂಡಿ, ಎಣ್ಣೆ ಹಚ್ಚಿಕೊಂಡು ತಿಂದು ಏಳುತ್ತಾರೆ. ಬಸುರಿಗೂ ಅದೇ, ಬಾಣಂತನ ಮುಗಿಸಿ ಬಂದವಳಿಗೂ ಅದೇ. ನಮ್ಮಲ್ಲೂ ಹಾಗೇ ನಡೆದಿತ್ತಂತೆ, ದೊಡ್ಡವ್ವನ ಕೈಗೆ ಅಡುಗೆಮನೆ ಬರುವವರೆಗೆ. ಅವಳು ಪಾಳಿ ಬದಲಿಸಲು ಹೋಗಲಿಲ್ಲ. ಹೋಗಿದ್ದರೆ ಮನೆಯಲ್ಲಿ ದೊಡ್ಡ ಜಗಳವೇ ಆಗುತ್ತಿತ್ತು. ಗಂಡಸರಿಗೆ ಗಂಗಾಳ ಇಡುವ ಮುಂಚೆ ಒಂದು ಬುಟ್ಟಿಯಲ್ಲಿ ಹೆಂಗಸರ ರೊಟ್ಟಿ, ಒಂದು ಬೋಗುಣಿಯಲ್ಲಿ ಅವರ ಪಲ್ಯ, ಸಣ್ಣ ಗಡಿಗೆಯಲ್ಲಿ ಅವರ ಮೊಸರು ತೆಗೆದು ಮುಚ್ಚಿ ಮೂಲೆಗಿಟ್ಟು, ಆಮೇಲೆ ನೀಡಲು ಏಳುತ್ತಿದ್ದಳು.

ಒಂದು ದಿನ ಪಡಸಾಲೆಯಿಂದ ಎಣ್ಣೆಗಾಯಿ ಪಲ್ಯ ಎರಡನೇ ಸಲ ಕೇಳಿದರು. ಪಾತ್ರೆ ಬರಿದಾಗಿತ್ತು. ಅಜ್ಜನ ತಂಗಿ ಮೂಲೆಯ ಬೋಗುಣಿಗೆ ಕೈ ಹಾಕಿದಳು. ದೊಡ್ಡವ್ವ ಒಲೆ ಬಿಟ್ಟು ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಅತ್ತೀ, ಅದು ಇನ್ನೂ ಉಣಲಾರದವ್ರದು. ಉಂಡವ್ರಿಗೆ ಹಿಂಡಿ ಹಾಕ್ರಿ."

ಅಜ್ಜ ಅದನ್ನು ಕೇಳಿಸಿಕೊಂಡ. ಹಿಂಡಿ ಹಾಕಿಸಿಕೊಂಡು ಮಾತಿಲ್ಲದೆ ಉಂಡು ಎದ್ದ. ಅಂದಿನಿಂದ ಮೂಲೆಯ ಬೋಗುಣಿಗೆ ಯಾರೂ ಕೈ ಹಾಕಲಿಲ್ಲ. ದೊಡ್ಡ ಕುಟುಂಬಗಳನ್ನು ಹೊಗಳಿ ಬರೆಯುವವರು ಹಬ್ಬದ ಸಾಲುಪಂಕ್ತಿಯ ಬಗ್ಗೆ ಬಹಳ ಬರೆಯುತ್ತಾರೆ. ನನಗೆ ಮಾತ್ರ ಆ ಮುಚ್ಚಿಟ್ಟ ಬೋಗುಣಿಯೇ ಆ ಮನೆಯ ಅತಿ ದೊಡ್ಡ ಸಂಗತಿ ಎನಿಸುತ್ತದೆ.

ಎಣಿಸುವ ರೂಢಿ ಅವಳಿಗೆ ಇನ್ನಷ್ಟು ಗಟ್ಟಿಯಾದದ್ದು ಒಂದು ಎಳ್ಳಮಾಸೆಯಿಂದ. ಜೋಳ ತೆನೆ ಹಿರಿದು ನಿಂತ, ಕಡಲೆ ಕಾಯಿಗಟ್ಟುವ ಕಾಲ. ಕೊಲ್ಲಾರಿ ಬಂಡಿ ಹೂಡಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ ಪಲ್ಯದ ಬುಟ್ಟಿಗಳನ್ನು ಹೇರಿಕೊಂಡು ಮನೆಗೆ ಮನೆಯೇ ಹೊಲಕ್ಕೆ ಹೋಗುತ್ತದೆ. ಅಡುಗೆಯನ್ನೆಲ್ಲ ಒಟ್ಟಿಗೆ ಕಲಸಿ ಬೆಳೆಯ ನಡುವೆ ಚರಗ ಚೆಲ್ಲಿದ ಮೇಲೆ ಊಟ. ಸಂಜೆ ಎರಡು ಬಂಡಿಗಳು ಊರಿಗೆ ತಿರುಗಿದವು. ಮೊದಲ ಬಂಡಿಯವರು ಹುಡುಗ ಹಿಂದಿನ ಬಂಡಿಯಲ್ಲಿದ್ದಾನೆ ಅಂದುಕೊಂಡರು, ಹಿಂದಿನವರು ಮುಂದಿನದರಲ್ಲಿ ಅಂದುಕೊಂಡರು. ಊರ ಅಗಸಿಗೆ ಬಂದಾಗ ದೊಡ್ಡವ್ವ ಎಣಿಸಿದಳು, ಒಂದು ತಲೆ ಕಡಿಮೆ. ಎರಡನೇ ಕಾಕಾನ ಐದು ವರ್ಷದ ಮಗ ಬನ್ನಿಗಿಡದ ಬುಡದಲ್ಲಿ, ಜೋಳದ ಚೀಲ ಹೊದ್ದು ಮಲಗಿದವನು ಅಲ್ಲೇ ಉಳಿದಿದ್ದ. ಕಾಕಾ ಬಂಡಿಯಿಂದ ಎತ್ತು ಬಿಚ್ಚುವಷ್ಟೂ ತಡೆಯದೆ ಓಡಿದ. ಕತ್ತಲಾದ ಮೇಲೆ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಹುಡುಗನಿಗೆ ಎಚ್ಚರವೇ ಆಗಿರಲಿಲ್ಲ, ಅಳಲೂ ಇಲ್ಲ. ಅತ್ತವರು ಮನೆಯವರೆಲ್ಲ. ಆ ಗದ್ದಲದಲ್ಲಿ ಹುಡುಗನ ಅವ್ವನನ್ನು ಯಾರೋ ಬೈಯಲು ಶುರು ಮಾಡಿದರು. "ಎರಡು ಬಂಡಿ ಮಂದಿ ಇದ್ದೇವಲ್ಲ, ಆಕಿ ಒಬ್ಬಾಕೀನ ಕಣ್ಣು ಇಟ್ಟೀರೇನು?" ಎಂದು ದೊಡ್ಡವ್ವ ಕೇಳಿದಳು. ಮುಂದಿನ ವರ್ಷದಿಂದ ಹೊಲದಲ್ಲೇ, ಎತ್ತು ಹೂಡುವ ಮುಂಚೆ ಎಣಿಕೆ.

ಹಗೇವು ತೆಗೆಯುವ ದಿನ ಆ ಎಣಿಕೆ ಇನ್ನೂ ಬಿಗಿ. ಜೋಳ ತುಂಬಿ ಬಾಯಿ ಮುಚ್ಚಿದ ನೆಲದೊಳಗಿನ ಆ ಕಣಜದಲ್ಲಿ ತಿಂಗಳುಗಟ್ಟಲೆ ಗಾಳಿ ಕೆಟ್ಟು ನಿಂತಿರುತ್ತದೆ. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಭಾರವಾದ್ದರಿಂದ ತಳದಲ್ಲೇ ಕೂರುತ್ತದೆ. ಅವಸರದಿಂದ ಇಳಿದವನು ಕೂಗುವ ಮೊದಲೇ ಬೀಳುತ್ತಾನೆ. ಬಾಯಿ ತೆಗೆದು ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುವುದು. ಅಷ್ಟು ಹೊತ್ತೂ ದೊಡ್ಡವ್ವ ಹುಡುಗರನ್ನೆಲ್ಲ ಪಡಸಾಲೆಯ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ, ಒಬ್ಬೊಬ್ಬರ ಕೈಗೂ ಬೆಲ್ಲದ ಹೆಂಟೆ ಕೊಟ್ಟು ಎದುರಿಗೇ ಕೂತಿರುತ್ತಿದ್ದಳು.

ಪಂಚಮಿಯ ಮಾತು ಬೇರೆ. ನಮ್ಮ ಕಡೆ ಅದು ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು, ತವರಿನಲ್ಲಿ ಬೇವಿನ ಟೊಂಗೆಗೆ ಜೋಕಾಲಿ ಕಟ್ಟಿರಬೇಕು, ಡಬ್ಬಿಗಳಲ್ಲಿ ಉಂಡಿ ತುಂಬಿರಬೇಕು. ಆದರೆ ಒಂದು ಮನೆಯ ಮಗಳು ಇನ್ನೊಂದು ಮನೆಯ ಸೊಸೆ. ನಮ್ಮ ಸೋದರತ್ತೆಯರು ಮಕ್ಕಳನ್ನು ಕಟ್ಟಿಕೊಂಡು ಬಂದು ಜೋಕಾಲಿ ಜೀಕುವಾಗ ಅವರಿಗಾಗಿ ಉಂಡಿ ಕಟ್ಟುವವರು, ರೊಟ್ಟಿ ಬಡಿಯುವವರು ಯಾರು? ಅದಕ್ಕೆ ದೊಡ್ಡವ್ವ ಒಂದು ಪಾಳಿ ಮಾಡಿದ್ದಳು. ಒಂದು ವರ್ಷ ಇಬ್ಬರು ಸೊಸೆಯಂದಿರು ತವರಿಗೆ, ಇಬ್ಬರು ಮನೆಯಲ್ಲಿ, ಮರುವರ್ಷ ಅದಲುಬದಲು. ಅವಳ ಸ್ವಂತ ಪಾಳಿ ಬಂದಾಗ ಮಾತ್ರ ಏನಾದರೊಂದು ನೆವ ಬಂದು ನಿಲ್ಲುತ್ತಿತ್ತು. ಅವಳು ತವರಿಗೆ ಪಂಚಮಿಗೆಂದು ಹೋದದ್ದನ್ನು ನಾನು ಕಂಡದ್ದು ಬಹಳ ಕಡಿಮೆ.

ಕೊನೆಯ ಕಾಕಾನ ಹೆಂಡತಿ, ನಮ್ಮ ಚಿಗವ್ವ, ಮದುವೆಯಾಗಿ ಬಂದದ್ದು 1976ರಲ್ಲಿ. ಮೊದಲ ಪಂಚಮಿಗೆ ಹೊಸ ಮದುಮಗಳು ತವರಿಗೆ ಹೋಗಲೇಬೇಕು, ಹೋದಳು. ಮರುವರ್ಷ ಉಳಿಯುವ ಪಾಳಿ. ಇನ್ನೂ ಇಪ್ಪತ್ತು ತುಂಬದ ಹುಡುಗಿ. ಅವಳನ್ನು ಶೇಂಗಾ ಉಂಡಿಯ ಬೆಲ್ಲದ ಪಾಕದ ಮುಂದೆ ಕೂರಿಸಿದರು.

ಪಾಕ ನೋಡುವುದು ಸುಲಭದ ಕೆಲಸವಲ್ಲ. ಬೆಲ್ಲ ಕರಗಿ ನೊರೆ ಏಳುತ್ತದೆ, ಸಣ್ಣ ಗುಳ್ಳೆಗಳು ದೊಡ್ಡವಾಗುತ್ತವೆ, ಬಣ್ಣ ಕಡುವಾಗುತ್ತದೆ. ಪಕ್ಕದಲ್ಲಿ ಬಟ್ಟಲು ತಣ್ಣೀರು ಇಟ್ಟುಕೊಂಡು ಹನಿ ಬಿಟ್ಟು ನೋಡುತ್ತಿರಬೇಕು. ಹನಿ ನೀರಿನಲ್ಲಿ ಚದುರಿದರೆ ಇನ್ನೂ ಹಸಿ. ಬೆರಳಿಗೆ ಸಿಕ್ಕಿ ಮೆತ್ತಗೆ ದುಂಡಾದರೆ ಉಂಡಿಗೆ ಸರಿ, ಆ ಗಳಿಗೆಯಲ್ಲೇ ಇಳಿಸಬೇಕು. ಎತ್ತಿ ಬಟ್ಟಲಿಗೆ ಬಡಿದಾಗ ಟಣ್ ಎಂದಿತೋ, ಅದು ಚಿಕ್ಕಿಯ ಪಾಕ. ಈ ಎರಡರ ನಡುವೆ ಸಿಗುವ ಸಮಯ ಒಂದು ಕೂಸನ್ನು ತೊಟ್ಟಿಲಿನಿಂದ ಎತ್ತಿಕೊಳ್ಳುವಷ್ಟು. ಚಿಗವ್ವ ಎದ್ದದ್ದು ಅದಕ್ಕೇ, ಕೂಸೊಂದು ಅಳುತ್ತಿತ್ತು. ತಿರುಗಿ ಬಂದು ಶೇಂಗಾಪುಡಿ ಸುರಿದು ಕಟ್ಟತೊಡಗಿದಳು. ಆರಿದ ಮೇಲೆ ಉಂಡಿಗಳು ಕಲ್ಲಾಗಿದ್ದವು. ಅಜ್ಜನ ತಂಗಿ ಒಂದನ್ನು ಬಾಯಿಗಿಟ್ಟು ತೆಗೆದಳು. ಸೋದರತ್ತೆಯರು ಒಬ್ಬರ ಮುಖ ಒಬ್ಬರು ನೋಡಿದರು. ಚಿಗವ್ವನ ಕಣ್ಣಲ್ಲಿ ನೀರು.

ದೊಡ್ಡವ್ವ ಬಂದಳು, ಉಂಡಿಯನ್ನು ಕೈಯಲ್ಲಿ ತೂಗಿದಳು. "ಹುಡುಗ್ರು ಚಿಕ್ಕಿ ಚಿಕ್ಕಿ ಅಂತಿದ್ವು, ನಾನ ಪಾಕ ಏರ್ಸು ಅಂದಿದ್ನಿ. ಆದ್ರ ಉಂಡಿ ಯಾಕ ಕಟ್ಟಿದಿ ತಂಗಿ, ತಟ್ಟಿ ಕೊಯ್ಯಬೇಕಿತ್ತಲ್ಲ" ಎಂದಳು. ಒರಳು ಕಲ್ಲು ತರಿಸಿ ಉಂಡಿ ಒಡೆಸಿದಳು. ಆ ಚೂರುಗಳನ್ನು ನಾವು ಕಿಸೆಯಲ್ಲಿಟ್ಟುಕೊಂಡು ಹಬ್ಬ ಮುಗಿದ ಮೇಲೂ ಚೀಪಿದೆವು. ಹೊಸ ಪಾಕಕ್ಕೆ ಮತ್ತೆ ಚಿಗವ್ವನನ್ನೇ ಕೂರಿಸಿದಳು, ಕೂಸನ್ನು ತಾನು ಎತ್ತಿಕೊಂಡಳು. ಅವಳು ಪಾಕ ಏರಿಸಲು ಹೇಳಿರಲಿಲ್ಲ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮರುದಿನ ಹಾಲೆರೆಯುವುದು. ಹುತ್ತದ ಮಣ್ಣಿನಲ್ಲಿ ಮಾಡಿದ ನಾಗಪ್ಪ, ಅರಿಷಿಣದ ಹಂಗನೂಲು, ಅಳ್ಳು, ತಂಬಿಟ್ಟು, ನೆನೆಗಡಲೆ. ಕೊಬ್ಬರಿ ಬಟ್ಟಲಿನಲ್ಲಿ ಹಾಲು, ಅದರಲ್ಲಿ ಬೆಲ್ಲ. ಒಬ್ಬೊಬ್ಬರ ಹೆಸರು ಹೇಳಿ ಅವರ ಪಾಲಿನದೆಂದು ಒಂದೊಂದು ಸಲ ಎರೆಯಬೇಕು. ಸಣ್ಣ ಮನೆಗಳಲ್ಲಿ ಅದು ಬೇಗ ಮುಗಿಯುತ್ತದೆ. ನಮ್ಮಲ್ಲಿ ಹಿರಿಯ ಸೋದರತ್ತೆ ಎರೆಯಲು ಕೂತರೆ ಮಂಡಿ ಹಿಡಿದುಕೊಂಡು ಏಳಬೇಕು. ದೇವರ ಪಾಲು, ಗುರುವಿನ ಪಾಲು, ಅಜ್ಜನದು, ಅಣ್ಣ ತಮ್ಮಂದಿರದು, ಅವರ ಗಂಡುಮಕ್ಕಳದು, ನಮ್ಮದು, ಎತ್ತುಗಳದು, ಹೈನದ್ದು. ಅಲ್ಲಿಗೆ ಮುಗಿಯಿತೆಂದು ಅತ್ತೆ ಬಟ್ಟಲು ಕೆಳಗಿಟ್ಟಳು. ಹಾಲಿನ ತಂಬಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ಚಿಗವ್ವ. ಅವಳ ಹೆಸರು ಬಂದಿರಲಿಲ್ಲ. ಯಾವ ಸೊಸೆಯ ಹೆಸರೂ ಬಂದಿರಲಿಲ್ಲ. ಅದು ಯಾರೂ ಬೇಕೆಂದು ಬಿಟ್ಟದ್ದಲ್ಲ, ಮೊದಲಿನಿಂದ ಬಂದ ಪಟ್ಟಿಯಲ್ಲಿ ಸೊಸೆಯಂದಿರು ಇರಲಿಲ್ಲ, ಅವರ ಹೆಸರು ಅವರ ತವರಿನಲ್ಲಿ ಹೇಳುತ್ತಾರೆಂಬ ಲೆಕ್ಕ.

"ಕುಂದ್ರವಾ, ಇನ್ನೂ ಮುಗದಿಲ್ಲ" ಎಂದು ದೊಡ್ಡವ್ವ ನಾದಿನಿಯ ಪಕ್ಕದಲ್ಲಿ ತಾನೂ ಕೂತಳು. ಚಿಗವ್ವನ ಹೆಸರು ಹೇಳಿ ಎರೆದಳು. ತವರಿಗೆ ಹೋಗಿದ್ದ ಇಬ್ಬರು ನೆಗೆಣ್ಣಿಯರ ಹೆಸರು, ಇಬ್ಬರು ಆಳುಗಳ ಹೆಸರು, ಅಜ್ಜನ ತಂಗಿಯ ಹೆಸರು. ಗಂಡನ ಮನೆಯ ಸಂಬಂಧ ಕಡಿದುಹೋದ ಆ ಮುದುಕಿಯ ಹೆಸರನ್ನು ನಾಗಪ್ಪನ ಮುಂದೆ ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತೋ. ಅಷ್ಟು ಹೊತ್ತೂ ಸೊಸೆಯಂದಿರ ಮೇಲೆ ಸಿಡಿಮಿಡಿ ಮಾಡುತ್ತಿದ್ದವಳು ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದಳು, ಸಂಜೆಯ ಕಡುಬಿಗೆ ಹೂರಣ ತಾನೇ ರುಬ್ಬಿದಳು.

ಇನ್ನೊಂದು ಪಂಚಮಿಗೆ ಮಳೆ. ಮಾಳಿಗೆ ಮನೆಯ ಜೀವ ಅದರ ಮೇಲುಮಣ್ಣಿನಲ್ಲಿ. ಜಂತಿಗಳ ಮೇಲೆ ಕಟ್ಟಿಗೆ ತುಂಡು ಒತ್ತಾಗಿ ಜೋಡಿಸಿ, ಸೊಪ್ಪು ಹಾಸಿ, ಮೇಲೆ ಸವುಳು ಮಣ್ಣು ಹಾಕಿ ಬಡಿಯುತ್ತಾರೆ. ಉಪ್ಪಿನಂಶದ ಆ ಮಣ್ಣು ಹನಿ ಬಿದ್ದೊಡನೆ ಉಬ್ಬಿ ಸಂದು ಮುಚ್ಚಿಕೊಂಡು ನೀರನ್ನು ಕೆಳಗೆ ಬಿಡುವುದಿಲ್ಲ. ಆದರೆ ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಹೊಸ ಮಣ್ಣು ಬೀಳಬೇಕು. ಆ ವರ್ಷ ಬಿತ್ತನೆಯ ಗಡಿಬಿಡಿಯಲ್ಲಿ ಮೂಲೆಯೊಂದು ಉಳಿದುಬಿಟ್ಟಿತ್ತು, ಇಲಿಯೂ ತೋಡಿತ್ತು. ಹಾಲೆರೆಯುವ ಹಿಂದಿನ ರಾತ್ರಿ, ಸೋದರತ್ತೆಯರು, ಅವರ ಮಕ್ಕಳು ಎಲ್ಲ ಸೇರಿ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಮಲಗಿದ್ದಾಗ ಸೋರಲು ಶುರುವಾಯಿತು. ಎದ್ದವರು ಎದ್ದ ಕಡೆ ಪಾತ್ರೆ ಇಟ್ಟರು. ಅಜ್ಜ ಕಂಬಳಿ ಕೊಪ್ಪೆ ಹಾಕಿಕೊಂಡು, ಮಕ್ಕಳು ಬೇಡವೆಂದರೂ ಕೇಳದೆ ಮಾಳಿಗೆ ಹತ್ತಿದ. ಕೆಳಗಿನಿಂದ ಬುಟ್ಟಿಗಟ್ಟಲೆ ಮಣ್ಣು ಕೈಯಿಂದ ಕೈಗೆ ಏರಿತು. ಮಲಗಲು ಒಣನೆಲವಿಲ್ಲದೆ ಹೆಂಗಸರು ಗೋಡೆಗೆ ಒರಗಿ ಕೂತು ಪಂಚಮಿಯ ಹಾಡು ಎತ್ತಿಕೊಂಡರು. ಮೇಲೆ ಮಣ್ಣು ಬಡಿಯುವ ಸದ್ದು, ಕೆಳಗೆ ಹಾಡು. ಹುಡುಗರಾದ ನಮಗೆ ಅಷ್ಟು ಚಂದದ ರಾತ್ರಿ ಮತ್ತೆ ಸಿಗಲಿಲ್ಲ.

ಬೆಳಗಾದ ಮೇಲೆ ಗೊತ್ತಾಯಿತು, ಸೋರಿದ್ದು ದೇವರಮನೆಯಲ್ಲೂ. ಜಗಲಿಯ ಮೇಲಿಟ್ಟಿದ್ದ ಮಣ್ಣಿನ ನಾಗಪ್ಪ ಕರಗಿ ಮಣೆಯ ಮೇಲೆ ಕೆಸರಾಗಿ ಹರಡಿದ್ದ. ಅಜ್ಜನ ತಂಗಿ ಅಪಶಕುನವೆಂದು ಅಳಲು ಶುರು ಮಾಡಿದಳು. ಬಸುರಿಯಿದ್ದಾಳೆ ಮನೆಯಲ್ಲಿ, ಏನು ಕಾದಿದೆಯೋ ಎಂದಳು. ಎಲ್ಲರ ಕಣ್ಣೂ ಬಸುರಿಯ ಕಡೆ ಹೊರಳುವ ಮುಂಚೆ ದೊಡ್ಡವ್ವ ಹೇಳಿದಳು, "ನಾವು ಎರಿಯೂದರೊಳಗ ಮಳಿರಾಯನ ಎರದಾನ. ಬರಗಾಲದಾಗ ಇದನ್ನ ಬೇಡಿಕೊಂಡಿದ್ವಿ, ಮರತ್ರ್ಯಾ?" 1972ರ ಬರ ಯಾರಿಗೂ ಮರೆತಿರಲಿಲ್ಲ. ಅವಳು ಆ ಕೆಸರನ್ನೇ ಬಾಚಿ, ಹುತ್ತದ ಇನ್ನಷ್ಟು ಮಣ್ಣು ತರಿಸಿ ನಾದಿ, ಹುಡುಗರಿಗೆಲ್ಲ ಒಂದೊಂದು ಮುಷ್ಟಿ ಕೊಟ್ಟಳು. ಹೆಡೆ ಇಲ್ಲದ, ಬಾಲ ಎರಡಿರುವ, ಕಣ್ಣಿಗೆ ಜೋಳದ ಕಾಳು ಒತ್ತಿದ ನಾಗಪ್ಪಗಳು ಜಗಲಿ ತುಂಬಿದವು. ಎಲ್ಲದಕ್ಕೂ ಹಾಲು ಬಿತ್ತು.

1980ರ ಪಂಚಮಿಗೆ ಮಾತ್ರ ಜೋಕಾಲಿ ಕಟ್ಟಲಿಲ್ಲ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ನಮ್ಮ ಸೀಮೆಗೆ ಬಂದಿತ್ತು. ಧಾರವಾಡದಿಂದ 1972ರಲ್ಲಿ ಬಂದ ವರಲಕ್ಷ್ಮಿ ಹೈಬ್ರಿಡ್ ಹತ್ತಿಯನ್ನು ನೆಚ್ಚಿ ಎಲ್ಲರೂ ಬಿತ್ತಿದ್ದರು. ಹತ್ತಿಯ ಬೆಲೆ ಬಿತ್ತು, ನೀರು ಎಲ್ಲ ಹೊಲಕ್ಕೂ ಸರಿಯಾಗಿ ಮುಟ್ಟಿರಲಿಲ್ಲ, ಬೆಟರ್‌ಮೆಂಟ್ ಲೆವಿ ಎಂಬ ನೀರಾವರಿ ಕರ ಮಾತ್ರ ಕಟ್ಟಬೇಕಿತ್ತು. ರೈತರು ತಿರುಗಿಬಿದ್ದರು. ಜುಲೈ 21ರಂದು ನರಗುಂದದಲ್ಲಿ, ನವಲಗುಂದದಲ್ಲಿ ಗೋಲೀಬಾರ್ ಆಯಿತು, ಜೀವಗಳು ಹೋದವು. ಅಂದು ನರಗುಂದಕ್ಕೆ ಹೋಗಿದ್ದ ನಮ್ಮ ಮನೆಯ ಗಂಡಸರು ಹಿಡಿದೊಯ್ಯುತ್ತಾರೆಂಬ ಹೆದರಿಕೆಗೆ ದಿಕ್ಕಿಗೊಬ್ಬರಾಗಿ ಬೀಗರ ಊರು ಸೇರಿದರು. ಶ್ರಾವಣ ಬಂದಾಗ ಮನೆಯಲ್ಲಿ ಉಳಿದ ಗಂಡಸರೆಂದರೆ ಅಜ್ಜ ಮತ್ತು ಹುಡುಗರು. ಚಿಗವ್ವ ಎರಡನೆಯದಕ್ಕೆ ದಿನ ತುಂಬಿದ ಬಸುರಿ, ಕೊನೆಯ ಕಾಕಾ ಎಲ್ಲಿದ್ದಾನೆಂದು ಅವಳಿಗೂ ತಿಳಿದಿರಲಿಲ್ಲ.

ಹಬ್ಬವೇ ಬೇಡವೆಂದರು ಕೆಲವರು. ಹಾಲು ಎರೆಯಲೇಬೇಕು, ಈ ವರ್ಷವಂತೂ ಎರೆಯಲೇಬೇಕು ಎಂದಳು ದೊಡ್ಡವ್ವ. ಬಾಗಿಲು ಮುಂದೆ ಮಾಡಿಕೊಂಡು ಕೂತೆವು. ಊರಲ್ಲಿಲ್ಲದ ಒಬ್ಬೊಬ್ಬರ ಹೆಸರನ್ನೂ ಅವಳು ಪೂರ್ತಿಯಾಗಿ, ತಂದೆಯ ಹೆಸರು ಸೇರಿಸಿ ಹೇಳಿದಳು. ಗಂಡನ ಹೆಸರನ್ನು ಬಾಯಲ್ಲಿ ಹೇಳದ ಕಾಲದವಳು ಅಂದು ದೊಡ್ಡಪ್ಪನ ಹೆಸರನ್ನೂ ಹೇಳಿದಳು. ಹಾಗೆಯೇ ಗೋಲೀಬಾರಿನಲ್ಲಿ ಸತ್ತವರ ಪಾಲು ಎಂದು ಎರೆದಳು. ಹೆಸರು ಗೊತ್ತಿರಲಿಲ್ಲ, ಹೆಸರಿಲ್ಲದೆಯೇ ಎರೆದಳು.

ಕೆಲವು ದಿನಕ್ಕೆ ಚಿಗವ್ವನಿಗೆ ಹೆಣ್ಣು ಹುಟ್ಟಿತು. ಊರು ತಣ್ಣಗಾಗಿ ಗಂಡಸರು ಒಬ್ಬೊಬ್ಬರೇ ತಿರುಗಿ ಬಂದ ಮೇಲೆ ತೊಟ್ಟಿಲ ಕಾರ್ಯ. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುತ್ತಿದ್ದ ಹಾಗೆ ಸುತ್ತ ನಿಂತವರು ಅವಳ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ತಿಂಗಳುಗಟ್ಟಲೆ ಬಾಯಿಬಿಟ್ಟು ನಗದ ಮನೆ ಅಂದು ಎಷ್ಟು ಜೋರಾಗಿ ಗುದ್ದಿತೆಂದರೆ ಅತ್ತೆ ತೊಟ್ಟಿಲು ಹಿಡಿದುಕೊಂಡು ಕೂತೇಬಿಟ್ಟಳು, ಕೂಸು ಚಿಟ್ಟನೆ ಚೀರಿತು, ಕೊನೆಯ ಕಾಕಾ ಗುಗ್ಗರಿಯ ತಟ್ಟೆ ಕೈಬಿಟ್ಟ. ಪಡಸಾಲೆ ತುಂಬ ಕಾಳು. ಅದನ್ನು ಆರಿಸುತ್ತ ಆರಿಸುತ್ತ ಎಲ್ಲರೂ ನಕ್ಕರು.

ಅಜ್ಜ ತೀರಿಕೊಂಡು ಕೆಲವು ವರ್ಷಕ್ಕೆ, 1995ರಲ್ಲಿ, ಅಣ್ಣತಮ್ಮಂದಿರು ಬೇರೆಯಾದರು. ಮಕ್ಕಳು ಹುಬ್ಬಳ್ಳಿ, ಬೆಳಗಾವಿ ಸೇರಿದ್ದರು, ಆಗುವುದು ಆಗಲೇಬೇಕಿತ್ತು. ಹಿಂದಿನ ವರ್ಷ ಜುಲೈನಲ್ಲಿ ಜಾರಿಗೆ ಬಂದಿದ್ದ ರಾಜ್ಯದ ಕಾಯ್ದೆ, ಅಷ್ಟು ಹೊತ್ತಿಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸರಿಸಮ ಹಕ್ಕು ಕೊಟ್ಟಿತ್ತು. ನನ್ನ ಮದುವೆ ಮೊದಲೇ ಆಗಿತ್ತು. ಮನೆಯಲ್ಲಿ ಮದುವೆಯಾಗದವಳು ಒಬ್ಬಳಿದ್ದಳು, ಅದೇ 1980ರ ಕೂಸು. ಅವಳ ಮಾತು ಪಂಚರ ಬಾಯಲ್ಲಿ ಬರಲಿಲ್ಲ. ದೊಡ್ಡವ್ವನಿಗೆ ಕಾಯ್ದೆ ಗೊತ್ತಿರಲಿಲ್ಲ, ಸಾಲಿ ಕಲಿತ ನಾವು ಓದಿ ಹೇಳಿದೆವು. ಅವಳು ನಡುಮನೆಯ ಬಾಗಿಲಿಗೆ ಬಂದು ನಿಂತು, "ಆ ಹುಡುಗೀದೂ ಬರೀರಿ. ಬರೀದಿದ್ರ ನಮ್ಮ ಯಜಮಾನ್ರು ಸಹಿ ಮಾಡಾಂಗಿಲ್ಲ" ಎಂದಳು. ದೊಡ್ಡಪ್ಪ ತಲೆ ಎತ್ತಿ ಅವಳನ್ನು ನೋಡಿದ, ಪೆನ್ನಿನ ಮುಚ್ಚಳ ಹಾಕಿದ. ಬರೆದ ಮೇಲೆಯೇ ತೆಗೆದ.

ಹೊಲ, ಎತ್ತು, ಮನೆಯ ಅಂಕಣ ಎಲ್ಲ ಪಾಲಾದವು. ನಡುಮನೆಯಲ್ಲಿ ಗೋಡೆ ಎದ್ದಿತು, ಅದನ್ನು ನೋಡಲು ಹೋದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಉಳಿದದ್ದು ದೊಡ್ಡ ಪಾತ್ರೆಗಳು: ತಾಮ್ರದ ಹಂಡೆ, ನೂರಾರು ಮಂದಿಗೆ ಸಾರು ಕುದಿಯುವ ತಪ್ಪೇಲಿ, ಹೋಳಿಗೆ ಹೂರಣದ ಕಡಾಯಿ, ಉಂಡಿ ಡಬ್ಬಿಗಳು, ಹಿತ್ತಾಳೆಯ ಗಂಗಾಳದ ಸಾಲು. ತೂಕ ಮಾಡಿ ನಾಲ್ಕು ಭಾಗ ಮಾಡಲು ತಕ್ಕಡಿ ತಂದಿದ್ದರು. ಚಿಗವ್ವ ಅಡ್ಡ ಬಂದಳು. ಇವು ಯಾರೊಬ್ಬರ ಪಾಲಿಗೂ ಬೇಡ, ಲಗ್ನ, ಕುಬಸ, ತೊಟ್ಟಿಲು ಯಾರ ಮನೆಯಲ್ಲಾದರೂ ಅಲ್ಲಿಗೆ ಹೋಗಿ ಬರಲಿ, ವಹಿ ನಾನು ಇಡುತ್ತೇನೆ ಎಂದಳು. ದೊಡ್ಡವ್ವ "ಹೂಂ" ಎಂದಷ್ಟೇ ಅಂದು ತಕ್ಕಡಿಯನ್ನು ತಾನೇ ಎತ್ತಿ ಹೊರಗಿಟ್ಟಳು.

ದೊಡ್ಡವ್ವ ಹೋಗಿ ಬಹಳ ವರ್ಷವಾಯಿತು. ಚಿಗವ್ವನ ವಹಿ ಈಗ ಮೂರನೆಯದು. ಎಡಗಡೆ ಪಾತ್ರೆಯ ಹೆಸರು, ನಡುವೆ ಒಯ್ದವರ ಹೆಸರು, ಬಲಗಡೆ ತಿರುಗಿ ಬಂದ ದಿನ. ಹಂಡೆಗೆ ಎರಡು ಕಡೆ ನೆಗ್ಗು ಬಿದ್ದಿದೆ, ಒಂದು ಬೆಳಗಾವಿಯ ಮದುವೆಯಲ್ಲಿ, ಇನ್ನೊಂದು ಟೆಂಪೋದಿಂದ ಇಳಿಸುವಾಗ. ಅವೂ ವಹಿಯಲ್ಲಿವೆ, ಯಾರಿಂದ ಎಂಬುದು ಮಾತ್ರ ಬರೆದಿಲ್ಲ. ಕಣ್ಣು ಮಂಜಾದದ್ದರಿಂದ ಈಗ ಸೊಸೆಯ ಕೈಯಲ್ಲಿ ಬರೆಸುತ್ತಾಳೆ. ಬರುವ ವೈಶಾಖಕ್ಕೆ ಆ 1980ರ ಕೂಸಿನ ಮಗಳ ಲಗ್ನ, ಹುಬ್ಬಳ್ಳಿಯಲ್ಲಿ. ಎಲ್ಲ ಪಾತ್ರೆ ಬೇಕೆಂದು ಹೆಸರು ಬರೆಸಿ ಆಗಿದೆ, ತಪ್ಪೇಲಿಗೆ ಕಲಾಯಿ ಹಾಕಿಸಲು ಕೊಟ್ಟಿದ್ದಾರೆ.